ಕಿಡ್ನಿ ಕಸಿ ಆದ ಅಮ್ಮ ಊರಿಗೆ ಮರಳುತ್ತಿದ್ದಾರೆ: ಮನೆಯ ನಾಯಿ, ಬೆಕ್ಕನ್ನು ಏನು ಮಾಡಬೇಕು?

ಪ್ರಶ್ನೆ
ಬರೆದವರು: ಸಾಗರದ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಈಗ ಅರವತ್ತೊಂದು ವರ್ಷ. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಕಿಡ್ನಿ ಕಸಿ ಆಯಿತು. ಕಿಡ್ನಿ ಕೊಟ್ಟವರು ನನ್ನ ಚಿಕ್ಕಮ್ಮ. ದೇವರ ದಯೆಯಿಂದ ಇಬ್ಬರೂ ಚೆನ್ನಾಗಿದ್ದಾರೆ. ಅಮ್ಮನ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಅಂಶ) ಒಂದು ಹದಕ್ಕೆ ಬಂದು ನಿಂತಿದೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೊಲೋನ್ (ಸ್ಟಿರಾಯ್ಡ್) ಮೂರೂ ನಡೆಯುತ್ತಿವೆ. ಇಷ್ಟು ದಿನ ನನ್ನ ಮನೆಯಲ್ಲೇ ಇದ್ದರು. ಈಗ ಊರಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾರೆ. ವೈದ್ಯರೂ ಮುಂದಿನ ತಿಂಗಳು ಹೋಗಬಹುದು ಎಂದಿದ್ದಾರೆ.

ಊರಿನ ಮನೆ ಸಾಗರ ತಾಲ್ಲೂಕಿನಲ್ಲಿ, ಅಡಿಕೆ ತೋಟದ ಅಂಚಿಗೆ. ಹಿಂದೆ ಗುಡ್ಡ, ಅದರಾಚೆ ಕಾಡು. ಮನೆಯಲ್ಲಿ ಕರಿಯ ಎಂಬ ನಾಯಿ, ಚಿನ್ನಿ ಎಂಬ ಬೆಕ್ಕು, ಕೊಟ್ಟಿಗೆಯಲ್ಲಿ ಎರಡು ದನ, ಒಂದು ಹೆಣ್ಣುಕರು ಇವೆ. ಕರಿಯನಿಗೆ ಏಳೆಂಟು ವರ್ಷವಾಗಿರಬೇಕು, ಊರ ನಾಯಿ. ಮರಿಯಿದ್ದಾಗ ಲಸಿಕೆ ಹಾಕಿಸಿದ್ದೆವು, ಆಮೇಲೆ ನೆನಪಾದ ವರ್ಷ ಹಾಕಿಸಿದ್ದಾರೆ, ಇಲ್ಲದ ವರ್ಷ ಇಲ್ಲ. ಚಿನ್ನಿಗೆ ಒಂದೂ ಲಸಿಕೆ ಆಗಿಲ್ಲ. ಅದು ಅಟ್ಟದಲ್ಲಿ ಇಲಿ ಹಿಡಿಯುತ್ತದೆ, ಚಳಿಗಾಲದಲ್ಲಿ ಅಮ್ಮನ ಕಂಬಳಿಯೊಳಗೆ ಮಲಗುತ್ತದೆ.

ನಮ್ಮ ಭಾವ ನಾಯಿಯನ್ನು ಘಟ್ಟದ ಕೆಳಗೆ ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಾರೆ. ದೊಡ್ಡಮ್ಮ ಇನ್ನೂ ಖಡಕ್ಕಾಗಿ, "ಅಷ್ಟು ಖರ್ಚು ಮಾಡಿ, ತಂಗಿಯ ಕಿಡ್ನಿ ಪಡೆದು, ನಾಯಿಯಿಂದ ರೋಗ ತಂದುಕೊಳ್ಳುತ್ತೀಯಾ" ಎಂದು ಫೋನಿನಲ್ಲೇ ಗದರಿದರು. ಅವರ ಮಾತಿನಲ್ಲಿ ಕಾಳಜಿಯೇ ಇದೆ, ಬೇಸರಪಟ್ಟುಕೊಳ್ಳಲಾರೆ. ಆಸ್ಪತ್ರೆಯಲ್ಲಿ ಕೇಳಿದಾಗ "ಪ್ರಾಣಿಗಳಿಂದ ಸ್ವಲ್ಪ ದೂರ ಇರಲಿ" ಎಂದಷ್ಟೇ ಹೇಳಿದರು. ಹೊರಗೆ ಇನ್ನೂ ಹತ್ತಾರು ರೋಗಿಗಳು ಕಾಯುತ್ತಿದ್ದರು, ಹೆಚ್ಚು ಕೇಳಲು ಆಗಲಿಲ್ಲ.

ಅಮ್ಮ ಡಯಾಲಿಸಿಸ್‌ನಲ್ಲಿದ್ದ ಕಾಲ ನನಗೆ ಮರೆಯುವುದಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಮರಳಿದ ದಿನ ಯಾರ ಜೊತೆಗೂ ಮಾತಿಲ್ಲ, ಊಟವೂ ಬೇಡ. ಜಗಲಿಯ ಮೇಲೆ ಕುಳಿತು ಕರಿಯನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವನ ಕಿವಿಯೊಳಗಿಂದ ಒಂದೊಂದೇ ಉಣುಗು ಹೆಕ್ಕಿ ಉಗುರಿನಲ್ಲಿ ಒತ್ತುತ್ತಿದ್ದರು. ಅರ್ಧ ಗಂಟೆ ಹಾಗೆ ಕುಳಿತರೆ ಮುಖದ ಬಿಗಿ ಸಡಿಲುತ್ತಿತ್ತು. ಆಮೇಲೆ ಒಂದು ತುತ್ತು ಗಂಜಿ ಇಳಿಯುತ್ತಿತ್ತು. ಈಗಲೂ ಅಪ್ಪ ವಿಡಿಯೊ ಕರೆ ಮಾಡಿದರೆ ಅಮ್ಮ ಮೊದಲು ಕೇಳುವುದು "ಅವನು ಉಂಡನೇ?" ಎಂದು. ಅವನು ದಣಪೆಯ ಹತ್ತಿರವೇ ಮಲಗಿರುತ್ತಾನಂತೆ.

ಅಮ್ಮನನ್ನು ಕರಿಯನಿಂದ ಅಗಲಿಸಿದರೆ ಅವರು ಕುಗ್ಗಿಹೋಗುತ್ತಾರೆ. ಉಳಿಸಿಕೊಂಡರೆ ಕಿಡ್ನಿಗೆ ಅಪಾಯವೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ 1
ಬರೆದವರು: ನಿವೃತ್ತ ಪಶುವೈದ್ಯ, ಹಾವೇರಿ

ತಂಗೀ, ಮೊದಲು ಉತ್ತರ, ಆಮೇಲೆ ವಿವರ. ಕರಿಯನನ್ನು ಎಲ್ಲಿಗೂ ಕಳುಹಿಸಬೇಡಿ. ಚಿನ್ನಿಯೂ ಮನೆಯಲ್ಲೇ ಇರಲಿ. ಅಮ್ಮ ಮಾಡುತ್ತಿದ್ದ ಕೆಲವು ಕೆಲಸಗಳು ಮಾತ್ರ ಇನ್ನು ಮುಂದೆ ಬೇರೆಯವರ ಪಾಲಿಗೆ ಹೋಗಬೇಕು. ಹಾಗೆಯೇ ಅಮ್ಮ ಊರಿಗೆ ಕಾಲಿಡುವ ಮುಂಚೆ ಎರಡೂ ಪ್ರಾಣಿಗಳಿಗೆ ಆಗಬೇಕಾದ ಚಿಕಿತ್ಸೆ ಪೂರ್ತಿ ಆಗಿರಬೇಕು.

ನಾನು ಪಶುಸಂಗೋಪನಾ ಇಲಾಖೆಯಲ್ಲಿ ಹಾವೇರಿ, ಗದಗ ಕಡೆ ದುಡಿದವನು, ಕೆಲವು ವರ್ಷ ಸೊರಬದಲ್ಲೂ ಇದ್ದೆ. ಅಮ್ಮನ ಔಷಧದ ವಿಷಯದಲ್ಲಿ ಕಸಿ ವೈದ್ಯರದೇ ಕೊನೆಯ ಮಾತು. ಪ್ರಾಣಿಗಳ ಕಡೆಯದನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ಕಸಿ ಆದವರು ಸಾಕಿದ ಪ್ರಾಣಿಯನ್ನು ಬಿಟ್ಟುಬಿಡಲೇಬೇಕು ಎಂದು ಕಸಿ ತಜ್ಞರ ಮಾರ್ಗಸೂಚಿಗಳು ಹೇಳುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ಅತಿ ಹೆಚ್ಚು ತಗ್ಗಿಸಿರುವ ಮೊದಲ ತಿಂಗಳುಗಳಲ್ಲಿ ಹೊಸ ಪ್ರಾಣಿಯನ್ನು ಮನೆಗೆ ತರಬೇಡಿ, ಇರುವ ಪ್ರಾಣಿಯನ್ನು ಆರೋಗ್ಯವಾಗಿಡಿ ಎನ್ನುತ್ತವೆ. ಮೊದಲ ಆರು ತಿಂಗಳು ಹೆಚ್ಚು ಎಚ್ಚರ ಬೇಕು. ಮುಂದೆ ಯಾವಾಗಲಾದರೂ ದೇಹ ಕಿಡ್ನಿಯನ್ನು ತಿರಸ್ಕರಿಸುವ ಲಕ್ಷಣ ಕಂಡು ಸ್ಟಿರಾಯ್ಡ್ ಪ್ರಮಾಣ ಏರಿಸಿದರೆ ಮತ್ತೆ ಅದೇ ಎಚ್ಚರ. ಭಾವನವರ ಮಾತಿಗೆ ಬಂದರೆ, ನಾಯಿಯನ್ನು ಕೊಟ್ಟುಬಿಡುವುದು ಎಂದರೆ ನಮ್ಮಲ್ಲಿ ಬಹಳ ಸಲ ದೂರ ಒಯ್ದು ರಸ್ತೆಗೆ ಬಿಡುವುದೇ ಆಗಿರುತ್ತದೆ. ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಇನ್ನೊಂದು ಮಾತು. ಕರಿಯ ಹೋದರೆ ಅಂಗಳ ಖಾಲಿ ಉಳಿಯುವುದಿಲ್ಲ, ಲಸಿಕೆಯಿಲ್ಲದ ಯಾವುದೋ ನಾಯಿ ಬಂದು ಮಲಗುತ್ತದೆ. ಚಿನ್ನಿ ಹೋದರೆ ಅಟ್ಟ ಇಲಿಗಳ ಪಾಲು. ಮಲೆನಾಡಿನ ಮಳೆಗಾಲದಲ್ಲಿ, ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ಎಂದರೇನೆಂದು ನಿಮ್ಮ ತಂದೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕಸಿ ಮಾಡಿದ ಕಿಡ್ನಿ ಅದನ್ನು ತಾಳುವುದು ಕಷ್ಟ.

ಈಗ ಆ ಉಣುಗಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಅಮ್ಮನ ಆ ಅರ್ಧ ಗಂಟೆ ಉಳಿಯಲಿ, ಉಗುರಿನಲ್ಲಿ ಉಣುಗು ಒತ್ತುವುದು ಇಂದಿಗೇ ನಿಲ್ಲಲಿ. ಒತ್ತಿದಾಗ ಸಿಡಿಯುವ ದ್ರವ ಉಗುರಿನ ಸಂದಿಯ ಗಾಯಕ್ಕೆ, ಕಣ್ಣಿಗೆ ತಾಗುತ್ತದೆ. ನಿಮ್ಮದು ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಆ ರೋಗ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಪಕ್ಕದ ಸೊರಬದಲ್ಲೇ ಇದೆ. 2018–19ರಲ್ಲಿ ಆ ರೋಗ ಹಬ್ಬಿ ನಿಮ್ಮ ತಾಲ್ಲೂಕಿನ ಅರಳಗೋಡು ಪಟ್ಟ ಪಾಡನ್ನು ನೀವು ಹತ್ತಿರದಿಂದ ಕಂಡಿರುತ್ತೀರಿ. ಕಾಡಿಗೆ ಹೋಗಿ ಬರುವ ದನ, ನಾಯಿಗಳ ಮೈಮೇಲೆ ಕುಳಿತು ಉಣುಗು ಅಂಗಳಕ್ಕೆ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಕರಿಯ ಗುಡ್ಡ ಹತ್ತದಂತೆ ನೋಡಿಕೊಳ್ಳಿ. ಉಣುಗು, ಚಿಗಟ ಎರಡನ್ನೂ ಕೊಲ್ಲುವ, ಬಾಯಿಂದ ಕೊಡುವ ಮಾತ್ರೆಗಳು ಈಗ ಸಿಗುತ್ತವೆ. ಕೆಲವನ್ನು ತಿಂಗಳಿಗೊಮ್ಮೆ, ಕೆಲವನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು. ಬೆಲೆ ತುಸು ಹೆಚ್ಚು. ಆದರೆ ದೊಡ್ಡಮ್ಮ ಹೇಳಿದ ಆ "ಅಷ್ಟು ಖರ್ಚಿನ" ಮುಂದೆ ಇದು ದೊಡ್ಡದಲ್ಲ. ಮಾತ್ರೆ ಕೊಟ್ಟ ಮೇಲೂ ವಾರಕ್ಕೊಮ್ಮೆ ಅಪ್ಪ ಕೈಗವಸು ಹಾಕಿಕೊಂಡು ಕಿವಿಯ ಮಡಿಕೆ, ಕಾಲ್ಬೆರಳ ಸಂದಿ, ಕೊರಳ ಪಟ್ಟಿಯ ಕೆಳಗೆ ನೋಡಲಿ. ಕಂಡದ್ದನ್ನು ಚಿಮಟಿಯಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು, ಸೋಪಿನ ನೀರಿಗೆ ಹಾಕಬೇಕು.

ಬೆಕ್ಕಿನ ವಿಷಯದಲ್ಲಿ ಜನರಿಗೆ ಭಯ ಒಂದು ಕಡೆ, ಅಪಾಯ ಇನ್ನೊಂದು ಕಡೆ. ಬೆಕ್ಕಿನ ರೋಮ ಹೊಟ್ಟೆಗೆ ಹೋದರೆ ಹಾಗಾಗುತ್ತದೆ, ಹೀಗಾಗುತ್ತದೆ ಎನ್ನುತ್ತಾರೆ. ರೋಮ ನಮ್ಮ ಶತ್ರುವಲ್ಲ, ಮಲ ಮತ್ತು ಉಗುರು ನಮ್ಮ ಚಿಂತೆ. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇಲಿ, ಹಕ್ಕಿ ತಿನ್ನುವ ಬೆಕ್ಕಿನ ಹೊಟ್ಟೆ ಸೇರಿ ಮಲದಲ್ಲಿ ಹೊರಬರುತ್ತದೆ. ಸಾಮಾನ್ಯವಾಗಿ ಬೆಕ್ಕು ಮೊದಲ ಸಲ ಸೋಂಕು ತಗುಲಿದಾಗ ಒಂದೆರಡು ವಾರವಷ್ಟೇ ಅದನ್ನು ಹೊರಹಾಕುತ್ತದೆ. ಬಿದ್ದ ಕೂಡಲೇ ಆ ಮಲ ಸೋಂಕು ತಗುಲಿಸುವುದಿಲ್ಲ, ಅದಕ್ಕೆ ಒಂದರಿಂದ ಐದು ದಿನ ಬೇಕು. ಆದ್ದರಿಂದ ಬೆಕ್ಕಿನ ಮಲವನ್ನು ದಿನದಿನವೂ ತೆಗೆಯಬೇಕು, ತೆಗೆಯುವ ಕೈ ಅಮ್ಮನದಾಗಿರಬಾರದು. ಚಿನ್ನಿ ತೋಟದ ಮಣ್ಣಿನಲ್ಲೇ ಹೂತು ಬರುವ ಬೆಕ್ಕಾದ್ದರಿಂದ, ಅಮ್ಮ ಹೂವಿನ ಗಿಡದ ಬುಡ ಕೆದಕುವಾಗ ಕೈಗವಸು ಬೇಕೇ ಬೇಕು. ಹಿತ್ತಲಿನ ಸೊಪ್ಪು, ಕೊತ್ತಂಬರಿಯನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಬೇಕು. ಅಮ್ಮ ಈಗ ಬೇರೆ ಸೋಂಕು ತಡೆಯಲು ಕೊಡುವ ಕೋಟ್ರಿಮಾಕ್ಸಜೋಲ್ ಮಾತ್ರೆ ನುಂಗುತ್ತಿದ್ದರೆ ಅದು ಈ ಸೋಂಕಿಗೂ ತಡೆಯೊಡ್ಡುತ್ತದೆ. ಅದನ್ನು ಯಾವಾಗ ನಿಲ್ಲಿಸುತ್ತಾರೆ ಎಂದು ವೈದ್ಯರಲ್ಲಿ ಕೇಳಿಟ್ಟುಕೊಳ್ಳಿ.

ಉಗುರಿನ ಕಥೆ ಬೇರೆ. ಚಿಗಟದ ಹಿಕ್ಕೆಯಲ್ಲಿ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಬೆಕ್ಕು ಮೈ ಕೆರೆದುಕೊಂಡಾಗ ಅದು ಉಗುರಿಗೆ ಹತ್ತಿ, ಪರಚಿದಾಗ ನಮ್ಮೊಳಗೆ ಹೋಗುತ್ತದೆ. ಚಿಗಟವಿಲ್ಲದ ಬೆಕ್ಕಿನಿಂದ ಈ ಅಪಾಯ ತೀರಾ ಕಡಿಮೆ. ಚಿಗಟ ಇದೆಯೋ ಇಲ್ಲವೋ ನೋಡಲು ಸುಲಭ ದಾರಿಯಿದೆ. ಒದ್ದೆ ಬಿಳಿ ಬಟ್ಟೆಯ ಮೇಲೆ ಬೆಕ್ಕನ್ನು ನಿಲ್ಲಿಸಿ ಹೇನಿನ ಬಾಚಣಿಗೆಯಿಂದ ಬೆನ್ನು ಬಾಚಿ. ಉದುರುವ ಕಪ್ಪು ಪುಡಿ ಒದ್ದೆ ಬಟ್ಟೆಯಲ್ಲಿ ಕೆಂಪಗೆ ಹರಡಿಕೊಂಡರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬರೀ ಮಣ್ಣಾದರೆ ಬಣ್ಣ ಬಿಡುವುದಿಲ್ಲ. ನಾಯಿಯ ಬಾಲದ ಕೆಳಗೆ ಸೌತೆಬೀಜದಂಥ ಬಿಳಿ ತುಣುಕು ಕಂಡರೂ ಮನೆಯಲ್ಲಿ ಚಿಗಟವಿದೆ ಎಂದೇ ಲೆಕ್ಕ, ಆ ಲಾಡಿಹುಳು ಬರುವುದು ಚಿಗಟ ನುಂಗಿದ್ದರಿಂದ.

ಇನ್ನೊಂದು ಲಾಡಿಹುಳು ಇದಕ್ಕಿಂತ ಕೆಟ್ಟದ್ದು. ಗದಗದಲ್ಲಿದ್ದಾಗ ಕಡಿದ ಕುರಿಗಳ ಶ್ವಾಸಕೋಶ, ಪಿತ್ತಜನಕಾಂಗಗಳಲ್ಲಿ ನೀರು ತುಂಬಿದ ಗುಳ್ಳೆಗಳನ್ನು ನೋಡುತ್ತಲೇ ಇದ್ದೆ. ಅಂಗಡಿಯವರು ಅವನ್ನು ನಾಯಿಗೆ ಎಸೆಯುತ್ತಾರೆ. ನಾಯಿಯ ಹೊಟ್ಟೆಯಲ್ಲಿ ಅದು ಲಾಡಿಹುಳುವಾಗಿ, ಮೊಟ್ಟೆ ಮಲದಲ್ಲಿ ಬಿದ್ದು, ಕೈಯಿಂದ ಬಾಯಿಗೆ ಹೋದರೆ ಮನುಷ್ಯರ ಪಿತ್ತಜನಕಾಂಗದಲ್ಲೂ ಅದೇ ಗುಳ್ಳೆ ಬೆಳೆಯುತ್ತದೆ. ಕರಿಯ ಪೇಟೆಯ ಮಾಂಸದಂಗಡಿಯ ಕಡೆ ಅಲೆಯುತ್ತಾನೆಯೇ ಎಂದು ಅಪ್ಪನನ್ನು ವಿಚಾರಿಸಿ. ಹಸಿ ಮಾಂಸ, ಹಸಿ ಮೂಳೆ ಬೇಡವೇ ಬೇಡ. ಮೂರು ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಜಂತುಹುಳು ಮಾತ್ರೆ ಕೊಡಿ. ಪಶು ಆಸ್ಪತ್ರೆಯಲ್ಲಿ ತೂಕ ನೋಡಿ ಪ್ರಮಾಣ ಹೇಳುತ್ತಾರೆ.

ರೇಬಿಸ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನೆನಪಾದ ವರ್ಷ ಲಸಿಕೆ ಎಂಬುದು ಇನ್ನು ಸಲ್ಲದು. ಕರಿಯ, ಚಿನ್ನಿ ಎರಡಕ್ಕೂ ಈ ವಾರವೇ ಹಾಕಿಸಿ, ಪ್ರತಿ ವರ್ಷ ಅದೇ ತಿಂಗಳು ಮತ್ತೆ. ನಾಯಿಗೆ ಇಲಿಜ್ವರದ ಲಸಿಕೆಯೂ ಸೇರಿರುವ ಚುಚ್ಚುಮದ್ದು ಬರುತ್ತದೆ, ಮೊದಲ ಬಾರಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಅಮ್ಮನಿಗೆ ಯಾವುದೇ ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕಸಿ ಆಗಿದೆ ಎಂದು ಮೊದಲೇ ಹೇಳಿ. ಮಿಕ್ಕವರಿಗೆ ರಕ್ತ ಬರದ ಪರಚು ಗಾಯಕ್ಕೆ ಲಸಿಕೆಯಷ್ಟೇ ಸಾಕು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅಂಥ ಗಾಯಕ್ಕೂ ಲಸಿಕೆಯ ಪೂರ್ತಿ ಕೋರ್ಸ್ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಡಬೇಕೆಂಬುದು ನಿಯಮ. ರೇಬಿಸ್ ಲಸಿಕೆಯಲ್ಲಿ ಜೀವಂತ ವೈರಾಣು ಇಲ್ಲ, ಕಸಿ ಆದವರೂ ತೆಗೆದುಕೊಳ್ಳಬಹುದು. "ನಮ್ಮ ಬೆಕ್ಕೇ ಅಲ್ಲವೇ" ಎಂದು ಅರಿಶಿನ ಹಚ್ಚಿ ಸುಮ್ಮನಾಗುವವರನ್ನು ಸೇವೆಯುದ್ದಕ್ಕೂ ಕಂಡಿದ್ದೇನೆ, ಎದೆ ನಡುಗುತ್ತದೆ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಎಂದು ಘೋಷಿಸಿದ್ದು ಸುಮ್ಮನೆ ಅಲ್ಲ.

ಗಜಕರ್ಣದ ಬಗ್ಗೆಯೂ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಬೆಕ್ಕಿನ ಮೈಯಲ್ಲಿ ದುಂಡಗೆ ರೋಮ ಉದುರಿದ್ದರೆ ಅದು ಮನುಷ್ಯರಿಗೆ ಅಂಟುವ ಶಿಲೀಂಧ್ರ ಇರಬಹುದು. ಅಮ್ಮನ ಚರ್ಮದಲ್ಲಿ ಅಂಥ ಕಜ್ಜಿ ಕಂಡರೆ ಔಷಧ ಅಂಗಡಿಯಿಂದ ನೇರವಾಗಿ ಮಾತ್ರೆ ತಂದು ಕೊಡಬೇಡಿ. ಇಟ್ರಾಕೊನಜೋಲ್, ಫ್ಲುಕೊನಜೋಲ್‌ನಂಥ ಮಾತ್ರೆಗಳು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಿಬಿಡುತ್ತವೆ, ಅದರಿಂದ ಕಿಡ್ನಿಗೇ ಪೆಟ್ಟು. ರೋಗಕ್ಕಿಂತ ಔಷಧವೇ ಮುಳುವಾಗುವ ಸ್ಥಿತಿ ಅದು.

ಇನ್ನು ಲಾಭದ ಮಾತು. 1980ರಲ್ಲಿ ಅಮೆರಿಕದ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಹೃದ್ರೋಗದಿಂದ ಆಸ್ಪತ್ರೆ ಸೇರಿದ್ದ 92 ಮಂದಿಯನ್ನು ಒಂದು ವರ್ಷ ಗಮನಿಸಿ ವರದಿ ಬರೆದರು. ಸಾಕುಪ್ರಾಣಿ ಇದ್ದ 53 ಮಂದಿಯಲ್ಲಿ ತೀರಿಕೊಂಡವರು 3, ಇಲ್ಲದ 39 ಮಂದಿಯಲ್ಲಿ 11. ನಾನು ಇದನ್ನು ಬ್ರಹ್ಮವಾಕ್ಯ ಎನ್ನುವುದಿಲ್ಲ. ಗುಂಪು ಚಿಕ್ಕದು, ಆಮೇಲಿನ ಎಲ್ಲ ಅಧ್ಯಯನಗಳೂ ಇದೇ ಫಲಿತಾಂಶ ಕೊಟ್ಟಿಲ್ಲ. ಅಮೆರಿಕದ ಹೃದಯ ಸಂಘ 2013ರಲ್ಲಿ ನಾಯಿ ಸಾಕುವುದು ಹೃದಯಕ್ಕೆ ಅನುಕೂಲವಾಗಬಹುದು ಎಂದು ಹೇಳುತ್ತಲೇ, ಅದೊಂದೇ ಕಾರಣಕ್ಕೆ ಪ್ರಾಣಿ ತರಬೇಡಿ ಎಂದೂ ಹೇಳಿತು. ನನಗೆ ಇದು ಸರಿ ಎನಿಸುತ್ತದೆ. ಯಾರಾದರೂ ಕಸಿ ಆದವರಿಗೆ ಬೇಜಾರು ಕಳೆಯಲು ಮರಿ ತಂದುಕೊಡುತ್ತೇನೆ ಎಂದರೆ ಖಂಡಿತ ಬೇಡ ಎನ್ನುತ್ತೇನೆ. ಆರು ತಿಂಗಳೊಳಗಿನ ನಾಯಿಮರಿ, ವರ್ಷದೊಳಗಿನ ಬೆಕ್ಕಿನ ಮರಿ ಭೇದಿ, ಜಂತು, ಪರಚುಗಳ ಗಂಟು. ನಿಮ್ಮ ಅಮ್ಮನ ವಿಷಯ ಹಾಗಲ್ಲ. ಕರಿಯ ಬಲಿತ ನಾಯಿ, ಅಮ್ಮನ ಸ್ವಭಾವ ಅವನಿಗೆ ಗೊತ್ತು, ಅವನ ಸ್ವಭಾವ ಅಮ್ಮನಿಗೆ. ಡಯಾಲಿಸಿಸ್ ದಿನದ ಗಂಜಿ ಇಳಿಸಿದವನು ಅವನು. ಅದಕ್ಕೆ ಯಾವ ಅಧ್ಯಯನದ ಸಾಕ್ಷಿಯೂ ಬೇಕಿಲ್ಲ.

ಉತ್ತರ 2
ಬರೆದವರು: ಕಸಿ ಆದವನು, ಧಾರವಾಡ

ಡಾಕ್ಟರು ಹೇಳಿದ್ದಕ್ಕೆ ನನ್ನದೂ ಒಂದು ಮಾತು ಸೇರಿಸುತ್ತೇನೆ. ನನಗೂ ಕಿಡ್ನಿ ಕಸಿ ಆಗಿ ಹಲವು ವರ್ಷವಾಯಿತು, ಮನೆಯಲ್ಲಿ ನಾಯಿ ಇದೆ. ಅಮ್ಮನ ಕೈಯಲ್ಲಿ ಡಯಾಲಿಸಿಸ್‌ಗೆ ಮಾಡಿದ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಇನ್ನೂ ಇರಬೇಕಲ್ಲ? ಆ ಕೈಯನ್ನು ಕಾಪಾಡಿಕೊಳ್ಳಿ. ತಿಂಗಳುಗಟ್ಟಲೆ ಕಾಣದ ಒಡತಿ ಬಂದಾಗ ಕರಿಯ ಹಾರಿ ಮೈಮೇಲೆ ಬೀಳುತ್ತಾನೆ. ಅವನ ಉಗುರು ಫಿಸ್ಟುಲಾಕ್ಕೆ ತಾಗಿದರೆ ರಕ್ತ ನಿಲ್ಲಿಸುವುದು ಸುಲಭವಲ್ಲ. ಮೊದಲ ದಿನ ಅಪ್ಪ ಅವನನ್ನು ಸರಪಳಿಯಲ್ಲಿ ಹಿಡಿದುಕೊಂಡಿರಲಿ, ಅಮ್ಮ ಕುರ್ಚಿಯಲ್ಲಿ ಕುಳಿತ ಮೇಲೆ ಹತ್ತಿರ ಬಿಡಲಿ. ಉದ್ದ ತೋಳಿನ ರವಿಕೆ ಅಥವಾ ಒಂದು ಶರಟು ಹಾಕಿಕೊಳ್ಳಲಿ.

ಮುಖ, ಗಾಯ ನೆಕ್ಕಲು ಬಿಡಬಾರದು. ನಾಯಿಯ ಜೊಲ್ಲಿನಲ್ಲಿ ಇರುವ ಕೆಲವು ಬ್ಯಾಕ್ಟೀರಿಯಾಗಳು ನಮ್ಮಂಥವರ ರಕ್ತಕ್ಕೆ ಸೇರಿದರೆ ಬೇಗ ವಿಷಮಿಸುತ್ತವೆ ಎಂದು ನನ್ನ ವೈದ್ಯರು ಮೊದಲೇ ತಿಳಿಸಿದ್ದರು. ಮುಟ್ಟಿದ ಮೇಲೆ ಸೋಪು ನೀರಿನಲ್ಲೇ ಕೈ ತೊಳೆಯಬೇಕು, ಸ್ಯಾನಿಟೈಸರ್ ಸಾಲದು, ಜಂತುಹುಳುವಿನ ಮೊಟ್ಟೆ ಅದಕ್ಕೆ ಸಾಯುವುದಿಲ್ಲ. ನಮ್ಮ ಮನೆಯಲ್ಲಿ ಜಗಲಿಯ ಹತ್ತಿರವೇ ಒಂದು ನಲ್ಲಿ, ಸೋಪು ಇಟ್ಟಿದ್ದೇವೆ. ಒಳಗೆ ಹೋಗಿ ತೊಳೆಯಬೇಕು ಎಂದಾದರೆ ಮನುಷ್ಯ ಮರೆಯುತ್ತಾನೆ.

ಕಸಿ ಆದ ಮೇಲೆ ಜನ ನಮ್ಮನ್ನು ಗಾಜಿನ ಸಾಮಾನಿನ ಹಾಗೆ ಎತ್ತಿಡುತ್ತಾರೆ. ಅಲ್ಲಿ ಕೂರಬೇಡ, ಇದನ್ನು ಮುಟ್ಟಬೇಡ, ಅವರ ಮನೆ ಮದುವೆಗೆ ಬರಬೇಡ. ಎಲ್ಲವೂ ಸರಿಯೇ. ಆದರೆ ನನ್ನನ್ನು ರೋಗಿ ಎಂದು ನೋಡದೆ ಸಂಜೆ ಐದಕ್ಕೆ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದದ್ದು ನಾಯಿಯೊಂದೇ. ಅದರ ಜೊತೆ ಕೆರೆಯ ತನಕ ನಡೆದೇ ನನಗೆ ಕಾಲಿನ ಬಲ ಮರಳಿತು. ದೊಡ್ಡಮ್ಮನವರಿಗೆ ನನ್ನ ಪರವಾಗಿ ಇದನ್ನು ಹೇಳಿ.

ಉತ್ತರ 3
ಬರೆದವರು: ಫಿಸಿಯೋಥೆರಪಿಸ್ಟ್, ಮೈಸೂರು

ಎಲ್ಲರೂ ಸೋಂಕಿನ ಬಗ್ಗೆಯೇ ಬರೆದಿದ್ದೀರಿ. ನನ್ನ ಬಳಿ ಬರುವ ಹಿರಿಯರಲ್ಲಿ ಸಾಕುನಾಯಿಯಿಂದ ತೊಂದರೆಗೀಡಾದವರು ಬಹುತೇಕ ಬಿದ್ದು ಮೂಳೆ ಮುರಿದುಕೊಂಡವರು. ಪ್ರೆಡ್ನಿಸೊಲೋನ್ ಮೂಳೆಯನ್ನು ಸಡಿಲ ಮಾಡುತ್ತದೆ, ತೊಡೆಯ ಸ್ನಾಯುಗಳನ್ನೂ ಸೊರಗಿಸುತ್ತದೆ. ಕಿಡ್ನಿ ಕಾಯಿಲೆಯವರ ಮೂಳೆ ಮೊದಲೇ ದುರ್ಬಲ. ಆದ್ದರಿಂದ ಕರಿಯನನ್ನು ಹಗ್ಗ ಹಿಡಿದು ತಿರುಗಾಡಿಸುವ ಕೆಲಸ ಅಮ್ಮನಿಗೆ ಬೇಡ. ಹಗ್ಗ ಅಪ್ಪನ ಕೈಯಲ್ಲಿರಲಿ, ಅಮ್ಮ ಜೊತೆಗೆ ನಡೆಯಲಿ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವುದಂತೂ ಯಾರಿಗೂ ಒಳ್ಳೆಯದಲ್ಲ, ನಾಯಿ ಒಮ್ಮೆ ಜಗ್ಗಿದರೆ ಕೈಯೂ ಹೋಗುತ್ತದೆ, ಮೈಯೂ ಹೋಗುತ್ತದೆ.

ರಾತ್ರಿಯದು ಇನ್ನೂ ಮುಖ್ಯ. ಕರಿ ನಾಯಿ, ಕೆಂಪು ಕಾವಿ ನೆಲ, ಕರೆಂಟ್ ಹೋಗುವ ಊರು. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ನಾಯಿ, ಬೆಕ್ಕು ಮಲಗಬಾರದು. ಕರಿಯನ ಕೊರಳಿಗೆ ಬಿಳಿ ಪಟ್ಟಿ, ಚಿಕ್ಕ ಗೆಜ್ಜೆ ಕಟ್ಟಿ. ಬ್ಯಾಟರಿಯಲ್ಲಿ ಉರಿಯುವ ಸಣ್ಣ ದೀಪ ದಾರಿಯಲ್ಲಿರಲಿ. ಅವನ ಅನ್ನದ ತಟ್ಟೆಯನ್ನು ನೆಲದಿಂದ ಬಗ್ಗಿ ಎತ್ತುವ ಬದಲು ಜಗಲಿಯ ಕಟ್ಟೆಯ ಎತ್ತರದಲ್ಲಿ ಇಡಿ.

ಉತ್ತರ 4
ಬರೆದವರು: ಬಸವನಗುಡಿ ನಿವಾಸಿ

ಬೆಂಗಳೂರಿನ ನಿಮ್ಮ ಮನೆಯ ಬಾಲ್ಕನಿಯಲ್ಲಿ ಪಾರಿವಾಳ ಇವೆಯೇ? ನನ್ನ ತಂದೆಯವರಿಗೆ ಶ್ವಾಸಕೋಶದ ಕಾಯಿಲೆ. ನಾಯಿ, ಬೆಕ್ಕು ಏನೂ ಸಾಕಿರಲಿಲ್ಲ, ದಿನವೂ ಪಾರಿವಾಳಕ್ಕೆ ಜೋಳ ಹಾಕುತ್ತಿದ್ದರು. ಪುಣ್ಯದ ಕೆಲಸವೆಂದೇ ಮಾಡುತ್ತಿದ್ದರು. ಒಣಗಿದ ಹಿಕ್ಕೆಯ ಧೂಳು, ಗರಿಯ ಪುಡಿ ವರ್ಷಗಟ್ಟಲೆ ಉಸಿರಿನೊಂದಿಗೆ ಹೋಗಿ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿದೆ ಎಂದು ವೈದ್ಯರು ಹೇಳಿದರು. ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಅದೇ ಹಿಕ್ಕೆಯಿಂದ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಮಿದುಳಿನ ಪೊರೆಗೂ ಹೋಗಬಹುದಂತೆ. ಅಮ್ಮ ನಿಮ್ಮಲ್ಲಿ ಇರುವಷ್ಟು ದಿನ ಬಾಲ್ಕನಿ ಗುಡಿಸುವಾಗ ಅವರನ್ನು ಒಳಗೆ ಕೂರಿಸಿ. ಒಣ ಪೊರಕೆ ಬೇಡ, ನೀರು ಚಿಮುಕಿಸಿ ಒರೆಸಿ.

ಪ್ರಶ್ನೆ ಕೇಳಿದವರ ಮರು ಬರಹ
ಬರೆದವರು: ಸಾಗರದ ಮಗಳು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ! ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಉಣುಗಿನ ಮಾತಿಗೆ "ಹಾಗಾದರೆ ನಾನು ಅವನಿಗೆ ಏನು ಮಾಡಲಿ" ಎಂದು ಕೇಳಿದರು. ಅಪ್ಪ ಆಗಲೇ ಪಶು ಆಸ್ಪತ್ರೆಗೆ ಫೋನ್ ಮಾಡಿದ್ದಾರೆ. ಡಾಕ್ಟರೇ, ಇನ್ನು ಮೂರು ಪ್ರಶ್ನೆ ಉಳಿದಿವೆ. ಚಿನ್ನಿ ಹಾಸಿಗೆಯಲ್ಲಿ ಮಲಗಬಹುದೇ? ಅಮ್ಮ ಕೊಟ್ಟಿಗೆಗೆ ಹೋಗಬಹುದೇ? ಮತ್ತೊಂದು, ನನ್ನ ಮಗನ ಬಳಿ ಮೀನಿನ ತೊಟ್ಟಿ ಇದೆ, ಈಗ ಸಣ್ಣ ಆಮೆ ಬೇಕು ಎನ್ನುತ್ತಿದ್ದಾನೆ. ಅಮ್ಮ ತಪಾಸಣೆಗೆ ಬಂದಾಗಲೆಲ್ಲ ನಮ್ಮಲ್ಲೇ ಉಳಿಯುತ್ತಾರೆ.

ಉತ್ತರ 5
ಬರೆದವರು: ನಿವೃತ್ತ ಪಶುವೈದ್ಯ, ಹಾವೇರಿ

ಅಮ್ಮನ ಪ್ರಶ್ನೆಗೇ ಮೊದಲು ಉತ್ತರ. ಅದೇ ಜಗಲಿಯಲ್ಲಿ ಕುಳಿತು ಬ್ರಷ್‌ನಿಂದ ಅವನ ಮೈ ಬಾಚಲಿ. ಹಿಂದಿನ ದಿನ ಅಪ್ಪ ಸ್ನಾನ ಮಾಡಿಸಿ, ಉಣುಗು ಇಲ್ಲವೆಂದು ನೋಡಿರಲಿ. ತೊಡೆಯ ಮೇಲೆ ಒಂದು ಹಳೆಯ ಟವೆಲ್ ಹಾಸಿಕೊಂಡು, ಮುಗಿದ ಮೇಲೆ ಅದನ್ನು ಬಿಸಿನೀರಿಗೆ ಹಾಕಿ, ಕೈ ತೊಳೆದರೆ ಆಯಿತು. ನಾಯಿಗೆ ಬೇಕಾದದ್ದು ಆ ಕೈಯ ಸ್ಪರ್ಶ.

ಹಾಸಿಗೆಯ ವಿಷಯದಲ್ಲಿ ನಾನು ಕಠಿಣ. ಈ ವರ್ಷ ಚಿನ್ನಿ ಕಂಬಳಿಯೊಳಗೆ ಬೇಡ. ಇಲಿ ಹಿಡಿದ ಬಾಯಿ, ಮಣ್ಣು ಕೆದರಿದ ಕಾಲು ಅದು. ಒಲೆಯ ಪಕ್ಕ ಒಂದು ಗೋಣಿಚೀಲದ ಮೇಲೆ ಹಳೆ ಬೆಡ್‌ಶೀಟ್ ಹಾಸಿ ಈಗಿನಿಂದಲೇ ರೂಢಿ ಮಾಡಿಸಿ. ಬೆಕ್ಕು ಬೆಚ್ಚಗಿರುವ ಜಾಗವನ್ನು ಬೇಗ ಒಪ್ಪಿಕೊಳ್ಳುತ್ತದೆ.

ಕೊಟ್ಟಿಗೆಗೆ ಸದ್ಯ ಬೇಡ. ದನಕ್ಕಿಂತ ಬೂಷ್ಟು ಹಿಡಿದ ಹುಲ್ಲಿನ ಧೂಳು ನನಗೆ ಹೆಚ್ಚು ಭಯ. ಅದರಲ್ಲಿರುವ ಆಸ್ಪರ್ಜಿಲಸ್ ಶಿಲೀಂಧ್ರ ಕಸಿ ಆದವರ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಬಣವೆಯಿಂದ ಹುಲ್ಲು ಹಿರಿಯುವಾಗ, ಗೊಬ್ಬರ ಗುಂಡಿ ತೋಡುವಾಗ ಅಮ್ಮ ಗಾಳಿ ಬೀಸುವ ದಿಕ್ಕಿನಲ್ಲೂ ಇರಬಾರದು. ಮಳೆಗಾಲದಲ್ಲಿ ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬಾರದು, ಹಿಮ್ಮಡಿ ಒಡೆದಿದ್ದರೆ ಇಲಿಜ್ವರ ಅಲ್ಲಿಂದಲೇ ಒಳಹೋಗುತ್ತದೆ. ಹಸು ಕರು ಹಾಕುವಾಗ, ಕಂದು ಹಾಕಿದಾಗ (ಗರ್ಭಪಾತವಾದಾಗ) ಮಾಸವನ್ನು ಮುಟ್ಟುವಂತಿಲ್ಲ, ಕಂದುರೋಗ (ಬ್ರುಸೆಲ್ಲೋಸಿಸ್) ಹೆಚ್ಚಾಗಿ ಹರಡುವುದು ಅದರಿಂದ. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಇಲಾಖೆಯವರು ಬಂದು ಆ ರೋಗದ ಲಸಿಕೆ ಹಾಕುತ್ತಾರೆ. ಅದು ಜೀವಂತ ಲಸಿಕೆ, ಆ ದಿನ ಅಮ್ಮ ಒಳಗೇ ಇರಲಿ. ಹಾಲನ್ನು ಉಕ್ಕಿಸಿ ಕಾಯಿಸದೆ ಬಾಯಿಗೆ ಹಾಕಬಾರದು, ನೊರೆಹಾಲಿನ ಆಸೆ ಇದ್ದರೂ.

ಮೀನಿನ ತೊಟ್ಟಿಯನ್ನು ಅಮ್ಮ ನೋಡಿ ಸಂತೋಷಪಡಲಿ, ನೀರಿಗೆ ಕೈ ಹಾಕದಿದ್ದರೆ ಸಾಕು. ಆ ನೀರಿನ ಒಂದು ಬ್ಯಾಕ್ಟೀರಿಯಾ ಚರ್ಮದ ಗಾಯದೊಳಗೆ ಸೇರಿ ಬಹುಕಾಲ ಕಾಡುತ್ತದೆ. ಆಮೆಗೆ ಮಾತ್ರ ಮಗನಿಗೆ ಇಲ್ಲವೆನ್ನಿ. ಆರೋಗ್ಯವಾಗಿ ಕಾಣುವ ಆಮೆಯೂ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು. ಮಕ್ಕಳಿಗೆ ಅದರಿಂದ ರೋಗ ಬರುತ್ತದೆಂದೇ ಅಮೆರಿಕ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ಅಂಗಡಿಯವರು ನಕ್ಷತ್ರ ಆಮೆ ತೋರಿಸಿದರೆ ಅದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧವೂ ಹೌದು. ನಮ್ಮ ದೇಶದ ಗಿಳಿಗಳನ್ನು ಸಾಕುವುದೂ ಅದೇ ಕಾಯ್ದೆಯಂತೆ ಅಪರಾಧ.

ಅಮ್ಮ ಹೊರಡಲು ಇನ್ನೂ ಒಂದು ತಿಂಗಳಿದೆಯಲ್ಲ, ಸಾಕಷ್ಟು ಸಮಯ. ನಾಳೆಯೇ ಕರಿಯ, ಚಿನ್ನಿ ಇಬ್ಬರ ಮಲವನ್ನು ಬೇರೆಬೇರೆ ಚಿಕ್ಕ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಕೊಟ್ಟು ಜಂತು ಪರೀಕ್ಷೆ ಮಾಡಿಸಲು ಅಪ್ಪನಿಗೆ ಹೇಳಿ. ಅದೇ ದಿನ ರೇಬಿಸ್ ಲಸಿಕೆ, ಉಣುಗಿನ ಮಾತ್ರೆ, ಮತ್ತು ಕರಿಯನಿಗೆ ಇಲಿಜ್ವರದ ಲಸಿಕೆಯ ಮೊದಲ ಚುಚ್ಚು. ಎರಡನೆಯದು ಮೂರ್ನಾಲ್ಕು ವಾರದಲ್ಲಿ, ಅಮ್ಮ ಬರುವ ಮುಂಚೆಯೇ ಆಗುತ್ತದೆ. ಚಿನ್ನಿಗೆ ನಾಯಿಯ ಉಣುಗಿನ ಔಷಧ ಹಾಕಬೇಡಿ. ಅವುಗಳಲ್ಲಿ ಕೆಲವು ಬೆಕ್ಕಿಗೆ ವಿಷ, ಅದಕ್ಕೆಂದೇ ಬರುವುದನ್ನು ಕೇಳಿ ತನ್ನಿ. ಮಲ ಪರೀಕ್ಷೆಯ ಚೀಟಿ ಬಂದ ಮೇಲೆ ಅದರಲ್ಲಿ ಏನು ಬರೆದಿದ್ದಾರೆಂದು ಇಲ್ಲಿ ಹಾಕಿ, ಯಾವ ಮಾತ್ರೆ ಎಷ್ಟು ದಿನ ಕೊಡಬೇಕೆಂದು ನೋಡಿ ಹೇಳುತ್ತೇನೆ.